ಭಂಡಾರ ಮುಟ್ಟದ ಓಟು

“ಮುಟ್ಟಲೇ ಬೋಳಿಮಗನೆ! ಅದೇನ್ ಕೆಂಡವೇನಲೇ, ಕೈ ಹಿಂದಕ್ ಎಳ್ಕಂತೀಯ?”

ತಿಪ್ಪೇರುದ್ರಪ್ಪಗೌಡ ಬೈಯುತ್ತಿದ್ದುದು ನನ್ನ ಗಂಡ ಯತ್ತಪ್ಪನನ್ನು. ಎದುರಿಗೆ ನಾವೆಲ್ಲ ಗೌಡ್ರೇ ಅನ್ನುತ್ತೇವೆ. ಆದರೆ ಇದು ನಾನು ಹೇಳುವ ಕಥೆ, ಇದರಲ್ಲಿ ಅವನಿಗೆ ನಾನು ಬಹುವಚನ ಕೊಡುವುದಿಲ್ಲ.

ಯತ್ತಪ್ಪ ಜುಂಜಪ್ಪ ದೇವರ ಗುಡಿಯ ಮುಂದೆ ಮೊಣಕಾಲೂರಿ ಕೂತಿದ್ದ. ಪೂಜಾರಿ ಮುದ್ದಪ್ಪಜ್ಜ ಅರಿಶಿನದ ಭಂಡಾರ ತುಂಬಿದ ತಟ್ಟೆಯನ್ನು ಅವನ ಎದೆಯ ಮಟ್ಟಕ್ಕೆ ಹಿಡಿದು ನಿಂತಿದ್ದ. ಹಟ್ಟಿಯ ಗಂಡಸರು, ಹೆಂಗಸರು ಸಾಲಾಗಿ ಕೂತು ತಮ್ಮ ಸರದಿ ಕಾಯುತ್ತಿದ್ದರು. ನಮ್ಮ ಗೊಲ್ಲರಹಟ್ಟಿಯೊಳಗೆ ನಮ್ಮವರೇ ಮೆಟ್ಟು ಹಾಕಿಕೊಂಡು ಓಡಾಡುವುದಿಲ್ಲ. ಗೌಡ ಕಿರುಗುಟ್ಟುವ ಮೆಟ್ಟು ಹಾಕಿಕೊಂಡೇ ಗುಡಿಯಂಗಳದಲ್ಲಿ ನಿಂತಿದ್ದ. ಒಬ್ಬರಾದರೂ ಮೆಟ್ಟು ಬಿಟ್ಟು ಬನ್ನಿ ಅನ್ನಲಿಲ್ಲ.

“ಹೇಳಲೇ. ನೇಗಿಲು ಹೊತ್ತ ರೈತನ ಗುರುತಿಗೇ ನನ್ನ ಓಟು. ತಪ್ಪಿದ್ರೆ ನನ್ನ ವಂಶ ನಿರ್ವಂಶ ಆಗ್ಲಿ. ಹೂಂ, ಹೇಳು.”

ಯತ್ತಪ್ಪ ಭಂಡಾರದಲ್ಲಿ ಬೆರಳಿಟ್ಟು ಏನೋ ಗೊಣಗಿದ.

“ಕೇಳಿಸ್ಲಿಲ್ಲ. ನಿನ್ ಹೆಂಡ್ರು ಕಿವಿಯಾಗೆ ಮಾತಾಡ್ದಂಗೆ ಮಾತಾಡಬ್ಯಾಡ. ಜೋರಾಗ್ ಹೇಳು.”

ಎರಡನೇ ಸಲ ಜೋರಾಗಿ ಹೇಳಿದ. ಸಾಲಿನಲ್ಲಿದ್ದವರು ತಲೆ ತಗ್ಗಿಸಿ ಕೇಳಿಸಿಕೊಂಡರು.

ನಾನು ಇದನ್ನೆಲ್ಲ ನೋಡುತ್ತಿದ್ದುದು ಮುಳ್ಳುಬೇಲಿಯ ಆಚೆಯಿಂದ. ಮುಟ್ಟಾದ ಹೆಂಗಸು ನಮ್ಮ ಹಟ್ಟಿಯಲ್ಲಿ ಬೇಲಿಯೊಳಗೆ ಇರುವಂತಿಲ್ಲ. ಹೊರಗಿನ ಗುಡ್ಲಿನಲ್ಲಿದ್ದು ಸ್ನಾನ ಮಾಡಿಯೇ ಒಳಗೆ ಬರಬೇಕು. ಮಳೆಯಿರಲಿ, ಚಳಿಯಿರಲಿ, ಹಾವೇ ಬರಲಿ. ಆ ಸೋಮವಾರ ಗುಡ್ಲಿನಲ್ಲಿ ಇಬ್ಬರಿದ್ದೆವು, ನಾನು ಮತ್ತು ಕಾಟಮ್ಮಕ್ಕ.

ಗೌಡ ಬೇಲಿಯ ಕಡೆ ತಿರುಗಿ ನಮ್ಮನ್ನು ನೋಡಿದ. “ಅವೆರಡರ ಓಟೋ?”

ಮುದ್ದಪ್ಪಜ್ಜ ಗಾಬರಿಯಾಗಿ ತಟ್ಟೆಯನ್ನು ಎದೆಗೆ ಒತ್ತಿಕೊಂಡ. “ಬ್ಯಾಡ್ರಿ ಗೌಡ್ರೆ, ಹೊರಗಾಗಿರೋರು ದೇವರ್ನ ಮುಟ್ಟಂಗಿಲ್ಲ. ಅವರ ಗಂಡಂದ್ರು ಹೇಳೀರೆ ಅವರೂ ಹೇಳ್ದಂಗೇಯ.”

“ಆಯ್ತು ಬಿಡು” ಅಂದ ಗೌಡ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಭಾಷಣ ಶುರು ಮಾಡಿದ. “ನೋಡ್ರಪ್ಪಾ, ನಾನೇನ್ ನನ್ನ ಸ್ವಾರ್ಥಕ್ ಕೇಳ್ತಿಲ್ಲ. ಹೋದ್ ವರ್ಷ ನಿಮ್ಮನ್ನ ಕುರಿ ತುಂಬ್ದಂಗೆ ವ್ಯಾನಿಗೆ ತುಂಬಿ ಕೊಯ್ಸಿದ್ರಲ್ಲ, ಯಾರು? ಹಸು-ಕರು ಗುರ್ತಿನೋರು! ಅವ್ರಿಗೇ ಮತ್ತೆ ಓಟಾಕ್ತೀರೇನ್ರಲೇ? ಮಾನ ಮರ್ವಾದಿ ಐತೇನ್ರಲೇ ನಿಮ್ಗೆ?”

ಅಬ್ಬಾ, ಅವನ ನಾಲಗೆಯೇ! ಬೇಲಿಯ ಮುಳ್ಳು ಕಿತ್ತು ಅದಕ್ಕೆ ಚುಚ್ಚಬೇಕು ಅನ್ನಿಸಿತು.

ಆ ವ್ಯಾನು ನಿಂತಿದ್ದು ಯಾರ ಮನೆಯ ಮುಂದೆ ಎಂದು ಸಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆಗ ಗೌಡ ಹಸು-ಕರುವಿನ ಪಾರ್ಟಿಯಲ್ಲಿದ್ದ. ಹೋಬಳಿಗೆ ಅವನೇ ಮುಖಂಡ. ಮಕ್ಕಳಾಗದ ಆಪರೇಷನ್ನಿಗೆ ಇಷ್ಟು ತಲೆ ಬೇಕು ಎಂದು ತಾಲೂಕಿನಿಂದ ಲೆಕ್ಕ ಬಂತು. ಗೌಡ ತನ್ನ ನೆಂಟರ ಒಂದು ತಲೆಯನ್ನೂ ಕೊಡಲಿಲ್ಲ. ಹಟ್ಟಿಯಿಂದ ಏಳು ಜನರನ್ನು ಎಣಿಸಿ ಕೊಟ್ಟ.

ಯತ್ತಪ್ಪನನ್ನು ಹೊಡೆದು ಒಯ್ಯಲಿಲ್ಲ, ಅದನ್ನೂ ಹೇಳಬೇಕು. ಹೊಲ ತೋರಿಸಿ ಒಯ್ದರು. ಗೌಡನ ಮೂರೆಕರೆ ಹೊಲವನ್ನು ನಮ್ಮ ಮಾವನ ಕಾಲದಿಂದ ನಾವೇ ಕೋರಿಗೆ ಮಾಡುತ್ತಿದ್ದೆವು. ಬೆಳೆದದ್ದರಲ್ಲಿ ಅರ್ಧ ಅವನ ಕಣಜಕ್ಕೆ. ಉಳುವವನಿಗೇ ಹೊಲ ಎಂಬ ಕಾನೂನು ಬಂದಾಗ ಹೊಸದುರ್ಗಕ್ಕೆ ನಡೆದುಹೋಗಿ ಏಳನೇ ನಂಬರ್ ಫಾರಂ ಹಾಕಿ ಬಂದಿದ್ದೆವು. ಅದರ ರಸೀದಿಯೂ ಇತ್ತು. ಪಹಣಿಯಲ್ಲಿ ಮಾತ್ರ ಯತ್ತಪ್ಪನ ಹೆಸರಿರಲಿಲ್ಲ. ಊರಿನ ಲೆಕ್ಕಿಗ ಗೋವಿಂದಯ್ಯ, “ವ್ಯಾನ್ ಹತ್ತು, ಬರೀತೀನಿ” ಅಂದ. ಪಕ್ಕದಲ್ಲಿ ಗೌಡ ಎಲೆಗೆ ಸುಣ್ಣ ಸವರುತ್ತಾ, “ಹತ್ತೋ, ಏನಾಗಲ್ಲ, ಇರುವೆ ಕಚ್ಚಿದಂಗೆ” ಅಂದ.

ಆಗ ನಮಗಿದ್ದದ್ದು ಒಂದೇ ಮಗು. ಎರಡು ವರ್ಷದ ಗಂಡು. ಕ್ಯಾಂಪಿನ ಕಾಗದದಲ್ಲಿ ಗೋವಿಂದಯ್ಯ ಮೂರು ಮಕ್ಕಳು ಅಂತ ಬರೆದ. ಯತ್ತಪ್ಪನಿಗೆ ಓದು ಬರುವುದಿಲ್ಲ, ಹೆಬ್ಬೆಟ್ಟು ಒತ್ತಿದ. ಅದಾಗಿ ಎರಡು ತಿಂಗಳಿಗೆ ಮಗುವಿಗೆ ಭೇದಿ ಹತ್ತಿತು. ಶ್ರೀರಾಂಪುರದ ಬಸ್ಸಿಗೆ ಕಾಯುವಾಗ ನನ್ನ ತೊಡೆಯ ಮೇಲೇ ಜೀವ ಹೋಯಿತು. ಇನ್ನೊಂದು ಹೆರುತ್ತೇನೆ ಎಂದು ಅಳು ನುಂಗಿಕೊಳ್ಳುವ ಹಾಗೂ ಇರಲಿಲ್ಲ. ಪಹಣಿಗೆ ಹೆಸರು ಆಗಲೂ ಏರಲಿಲ್ಲ.

ಹೊಲದ ವಿಚಾರಣೆ ಯುಗಾದಿ ಕಳೆದ ಮೇಲೆ ಇದೆ, ಬರಬೇಕು ಎಂದು ಗೌಡನಿಗೂ ನಮಗೂ ನೋಟೀಸು ಬಂತು. ನೋಟೀಸು ಬಂದ ವಾರದಲ್ಲೇ ಎಲೆಕ್ಷನ್ ಅಂದರು. ಗೌಡ ಎದೆಯ ಮೇಲಿನ ಹಸು-ಕರುವಿನ ಬಿಲ್ಲೆ ಕಿತ್ತು ನೇಗಿಲಿನ ಬಿಲ್ಲೆ ಚುಚ್ಚಿಕೊಂಡ. ಓತಿಕ್ಯಾತ ಬಣ್ಣ ಬದಲಿಸಲು ಇನ್ನೂ ಸ್ವಲ್ಪ ಹೊತ್ತು ತಗೊಳ್ಳುತ್ತದೆ.

ಗುಡ್ಲಿನಲ್ಲಿ ಕಾಲು ಚಾಚಿದರೆ ಗೋಡೆ ತಾಗುತ್ತದೆ. ನನಗೂ ಕಾಟಮ್ಮಕ್ಕನಿಗೂ ಮಾತು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಒಳಗಿನವರು ಮುದ್ದೆ, ಸಾರು ತಂದು ಬೇಲಿಯ ಹತ್ತಿರ ಇಟ್ಟು ಹೋಗಿದ್ದರು.

“ನಾವಿಬ್ರೇ ಕಣೇ ಮುದ್ದಕ್ಕ ಆಣೆಯಿಲ್ಲದೋರು” ಅಂದಳು ಕಾಟಮ್ಮಕ್ಕ. “ಎತ್ತಿಗೆ ಕಟ್ದಂಗೆ ಇಡೀ ಹಟ್ಟಿ ಬಾಯಿಗೆ ಕುಕ್ಕೆ ಕಟ್ಟವ್ನೆ. ನಮ್ದೊಂದ್ ಬಿಟ್ಟವ್ನೆ. ಈ ಹಾಳ್ ಗುಡ್ಲು ಒಂದ್ ದಿನಕ್ಕಾದ್ರೂ ಕೆಲಸಕ್ ಬಂತು ನೋಡು.”

“ನೀನ್ ಯಾರಿಗ್ ಒತ್ತೀಯಕ್ಕ?”

“ನೇಗಿಲಿಗೆ.”

ನನಗೆ ಮೈ ಉರಿಯಿತು. “ಗೌಡ ಹೇಳ್ದಂಗಾ?”

“ಗೌಡನ ಬಾಯಿಗ್ ಮಣ್ಣಾಕ! ಅವನಿಗೋಸ್ಕರ ಅಲ್ಲ. ನನ್ ಗಂಡ ಹೆಂಗಿದ್ದ ಹೇಳು? ದಿನಾ ಕುರಿ ಹೊಡ್ಕಂಡು ಆ ಗುಡ್ಡ ಹತ್ತಿ ಈ ಗುಡ್ಡ ಇಳೀತಿದ್ದ. ಈಗ ಬಹಿರ್ದೆಸೆಗೆ ಹೋಗ್ಬೇಕಾದ್ರೂ ಕೋಲು ಹಿಡೀತಾನೆ. ಕೊಯ್ದಲ್ಲಿ ಕೀವಾತು, ಆಸ್ಪತ್ರೆಗೆ ಹೋದ್ರೆ ತಿರುಗಿ ನೋಡೋರಿಲ್ಲ. ನಲವತ್ತು ಕುರಿ ಮಾರಿದ್ವಿ. ಕೊಯ್ಸಿದೋರು ಕುರ್ಚಿ ಬಿಟ್ಟು ಇಳೀಬೇಕು. ಅಷ್ಟೇಯ.”

ಅವಳ ಗಂಡ ಜುಂಜಣ್ಣನೂ ಆ ಏಳು ಜನರಲ್ಲಿ ಒಬ್ಬ.

“ವ್ಯಾನ್ ಹತ್ಸಿದ್ದು ಗೌಡ ಅಲ್ವೇನಕ್ಕ? ಅವನೀಗ ನೇಗಿಲಿನ ಮಗ್ಗುಲಾಗೇ ಕುಂತವ್ನೆ.”

“ಗೌಡಂಗೆ ಹೇಳ್ದೋರು ತಾಲೂಕಿನೋರು. ತಾಲೂಕಿನೋರಿಗೆ ದುರ್ಗದೋರು. ದುರ್ಗದೋರಿಗೆ ಇನ್ನೂ ಮ್ಯಾಲಿನೋರು. ಕೊಂಬೆ ಕಡುದ್ರೆ ಏನ್ ಬಂತು, ಬೇರು ಅಲ್ಲೈತೆ.”

“ಹೊಲದ ಕಾನೂನ್ ಮಾಡ್ದೋರೂ ಅವ್ರೇಯಲ್ಲಕ್ಕ. ನಮ್ ಅಪ್ಪ, ಅಜ್ಜ ಯಾರಾದ್ರೂ ಗೌಡನ ಮ್ಯಾಲೆ ಅರ್ಜಿ ಹಾಕಿದ್ ಕಂಡಿದ್ರಾ? ಅವನ ಕಡೆಯೋರು ಬಂದ್ರೆ ನಮ್ ರಸೀದಿಯಾಗೆ ಕಡ್ಲೆಕಾಯಿ ಕಟ್ತಾರೆ.”

“ಒಂದ್ ಕೈಯಾಗೆ ಹೊಲ ಕೊಟ್ರು, ಇನ್ನೊಂದ್ ಕೈಯಾಗೆ ಉಳೋರ್ನ ಕಿತ್ಕಂಡ್ರು. ಆ ಹೊಲ ನಾಳೆ ಯಾರಿಗೇ? ನಿನ್ ಮಗ ಐತಾ?”

ಹೇಳಿದ ಮೇಲೆ ಅವಳೇ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಮುದ್ದೆಯನ್ನು ಬಟ್ಟಲಿಗೆ ಎಸೆದು ಗುಡ್ಲಿನ ಹೊರಗೆ ಹೋಗಿ ಕೂತೆ. ಅವಳ ಮೇಲೆ ಸಿಟ್ಟು ಬಂದಿತ್ತು. ಅವಳು ಹೇಳಿದ್ದು ಸುಳ್ಳಲ್ಲ ಅನ್ನುವುದಕ್ಕೆ ಇನ್ನೂ ಸಿಟ್ಟು ಬಂದಿತ್ತು.

ಸ್ವಲ್ಪ ಹೊತ್ತಿಗೆ ಅವಳೇ ಬಂದು ಪಕ್ಕದಲ್ಲಿ ಕೂತಳು. “ನಮ್ಮತ್ತೆ ಏನಂತಾಳೆ ಗೊತ್ತಾ? ಹಸೀನ ಚಿತ್ರದ ಮ್ಯಾಲೆ ಮುದ್ರೆ ಒತ್ತಿದ್ರೆ ಬರೆ ಎಳ್ದಂಗಂತೆ. ಕರು ಹಾಕಿರೋ ಹಸೀಗೆ ಬರೆ ಎಳೆಯೋದು ಪಾಪ ಅಂತೆ. ಅದಕ್ಕೇ ಹೋದ್ ಸಲ ಹಸು ಬಿಟ್ಟು ಪಕ್ಕದ ಖಾಲಿ ಜಾಗಕ್ ಒತ್ತಿ ಬಂದ್ಲಂತೆ. ಹಸೀಗೆ ಓಟಾಕ್ದೆ ಅಂತ ಇವತ್ತಿಗೂ ಮೆರೀತಾಳೆ.”

ನನಗೆ ನಗು ಬಂತು. ಅಷ್ಟು ಸಿಟ್ಟಿನಲ್ಲೂ ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ನಾನು ಹೇಳಿದೆ: “ಅಕ್ಕಾ, ನಾನು ಹಸೀಗೇ ಒತ್ತೋಳು. ಒಳ್ಳೇರು ಅಂತಲ್ಲ. ಅವ್ರ ಹೆಸರೆತ್ತೀರೆ ನನ್ ಹೊಟ್ಟೆ ಉರೀತೈತೆ. ಆದ್ರೂ ಒತ್ತುತೀನಿ. ಮಗೂನೂ ಹೋಗಿ ಹೊಲಾನೂ ಹೋದ್ರೆ ನಾನು ಯಾತಕ್ ಬದುಕಿರ್ಲಿ?”

“ಒತ್ತು. ನಿನ್ ಉರಿ ನಿಂಗೆ, ನನ್ ಉರಿ ನಂಗೆ” ಅಂದಳು ಕಾಟಮ್ಮಕ್ಕ.

ನಾನು ಸ್ನಾನ ಮಾಡಿ ಒಳಗೆ ಬಂದ ಮಾರನೇ ದಿನ ಗೌಡ ಯತ್ತಪ್ಪನನ್ನೂ ನನ್ನನ್ನೂ ಕರೆಸಿದ. ಅವನ ಮನೆಯ ಜಗುಲಿಯ ಮೇಲೆ ಗೋವಿಂದಯ್ಯ ದಿಂಬಿಗೊರಗಿ ಕೂತು ಮಜ್ಜಿಗೆ ಕುಡಿಯುತ್ತಿದ್ದ. ನಾವು ಅಂಗಳದ ಬಿಸಿಲಲ್ಲಿ ನಿಂತೆವು.

“ಯತ್ತಾ, ಆ ರಸೀದಿ ತಂದಿದೀಯೇನೋ?” ಅಂದ ಗೌಡ.

ಯತ್ತಪ್ಪ ನೆಲ ನೋಡುತ್ತಾ ನಿಂತ. ಕ್ಯಾಂಪಿನಿಂದ ಬಂದಾಗಿನಿಂದ ಅವನು ಹಾಗೇ. ಮಗು ಹೋದ ಮೇಲಂತೂ ಎತ್ತುಗಳ ಜೊತೆ ಬಿಟ್ಟರೆ ಯಾರ ಜೊತೆಯೂ ಮಾತಿಲ್ಲ.

“ಮನೇಲೈತ್ರಿ” ಅಂದೆ ನಾನು.

“ನಿನ್ನ ಕೇಳಿಲ್ಲ, ಮುಚ್ಚು. ಲೇ ಯತ್ತಾ, ಎಲೆಕ್ಷನ್ ಮುಗಿದ್ ಮಾರನೇ ದಿನ ರಸೀದಿ ತಂದು ಇಲ್ಲಿಡ್ಬೇಕು. ಅರ್ಜಿ ವಾಪಸ್ ತಗಂಡಿದೀನಿ ಅಂತ ಗೋವಿಂದಯ್ಯ ಬರ್ಕಂತಾನೆ, ಹೆಬ್ಬೆಟ್ ಒತ್ತು. ಆಮ್ಯಾಲೆ ಎಂದಿನಂಗೆ ಕೋರಿಗೆ ಮಾಡ್ಕಂಡಿರು. ನಾನೇನ್ ನಿನ್ನ ಬೀದಿಗ್ ಹಾಕ್ತೀನಾ?”

“ಪಹಣಿಗೆ ಹೆಸರು ಬರೀತೀವಿ ಅಂದಿದ್ರಿ” ಅಂದೆ. ಬಾಯಿ ತಡೆಯಲಿಲ್ಲ.

ಗೋವಿಂದಯ್ಯ ಮಜ್ಜಿಗೆಯ ಲೋಟ ಕೆಳಗಿಟ್ಟ. “ನೋಡ್ರಿ ಗೌಡ್ರೆ, ಗಂಡ ಮೂಕಬಸವ, ಹೆಂಡ್ತಿ ಲಾಯರ್ರು.”

ಗೌಡ ನಕ್ಕ. “ಬಸವನೆಲ್ಲಿ ಬಂತಪ್ಪ, ಅವನು ಬೀಜ ಒಡೆದಿರೋ ಎತ್ತು! ಬೀಜ ಒಡೆದ್ ಎತ್ತೇ ನೇಗಿಲಿಗೆ ಚೆನ್ನಾಗ್ ಎಳೆಯೋದು. ಅಲ್ವೇನೋ ಯತ್ತಾ? ನೀನೂ ನೇಗಿಲಿಗೇ ಎಳೀಬೇಕು.”

ಇಬ್ಬರೂ ಸೇರಿ ನಕ್ಕರು. ಒಳಗಿನಿಂದ ಅವನ ಮನೆಯ ಹೆಂಗಸೂ ನಕ್ಕಿದ್ದು ಕೇಳಿಸಿತು. ಯತ್ತಪ್ಪ ನೆಲ ನೋಡುತ್ತಲೇ ಇದ್ದ. ನನ್ನ ಗಂಡನನ್ನು ಆ ಅಂಗಳದಲ್ಲಿ ನಿಲ್ಲಿಸಿ ಬೆತ್ತಲೆ ಮಾಡಿದ ಹಾಗಾಯಿತು. ಅವನು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದ. ನಾನು ಅವನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದೆ.

ಓಟಿನ ದಿನ ಬೆಳಗ್ಗೆಯೇ ಹಟ್ಟಿಗೆ ಗೌಡನ ಎರಡು ಗಾಡಿ ಬಂದವು. ನಾನು ಗಾಡಿ ಹತ್ತಲಿಲ್ಲ. ಯತ್ತಪ್ಪನೂ ಹತ್ತಲಿಲ್ಲ. ಇಬ್ಬರೂ ಊರಿನ ಸ್ಕೂಲಿಗೆ ನಡೆದೇ ಹೊರಟೆವು. ದಾರಿಯಲ್ಲಿ ಹೇಳಿದೆ:

“ನೀನ್ ಆಣೆ ಮಾಡಿದೀಯ, ನಿನ್ನ ನಾನ್ ಏನೂ ಕೇಳಲ್ಲ. ನಾನ್ ಮಾಡಿಲ್ಲ, ನನ್ನ ನೀನೂ ಕೇಳಬ್ಯಾಡ.”

ಅವನು ಹೆಗಲ ಮೇಲಿನ ಬಟ್ಟೆಯನ್ನು ತಲೆಗೆ ಸುತ್ತಿಕೊಂಡು ಮುಂದೆ ನಡೆದ.

ಸ್ಕೂಲಿನ ಆಚೆ, ರಸ್ತೆಯ ಬೇವಿನ ಮರದ ಕೆಳಗೆ ಗೌಡ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಅವನ ಪಕ್ಕದಲ್ಲಿ ಮುದ್ದಪ್ಪಜ್ಜ. ಅಜ್ಜನ ಕೈಯಲ್ಲಿ ಅದೇ ಭಂಡಾರದ ತಟ್ಟೆ! ಗುಡಿಯೊಳಗಿನ ಭಂಡಾರ ಹಬ್ಬಕ್ಕಲ್ಲದೆ ಹಟ್ಟಿಯ ಬೇಲಿ ದಾಟಿದ್ದನ್ನು ನಾನು ಕಂಡಿರಲಿಲ್ಲ. ಅಜ್ಜ ನಮ್ಮ ಮುಖ ನೋಡಲಿಲ್ಲ. ಅವನ ಮೊಮ್ಮಕ್ಕಳು ಮೂವರೂ ಗೌಡನ ಮನೆಯಲ್ಲೇ ಜೀತಕ್ಕಿದ್ದರು. ಓಟು ಹಾಕಿ ಹೊರಗೆ ಬಂದ ಹಟ್ಟಿಯವರನ್ನೆಲ್ಲ ಗೌಡನ ಆಳುಗಳು ನೇರ ಮರದ ಕೆಳಗೆ ತಂದು ನಿಲ್ಲಿಸುತ್ತಿದ್ದರು. ಒಬ್ಬೊಬ್ಬರೂ ಭಂಡಾರ ಮುಟ್ಟಿ ಹೇಳಬೇಕು: “ಕೊಟ್ಟ ಮಾತು ನಡೆಸಿದೀನಿ. ಸುಳ್ಳಾದ್ರೆ ನನ್ನ ವಂಶ ನಿರ್ವಂಶ ಆಗ್ಲಿ.”

ಸ್ಕೂಲಿನ ಬಾಗಿಲಲ್ಲಿ ಇದ್ದ ಪೊಲೀಸು ಬೀಡಿ ಸೇದುತ್ತಾ ಮರದ ಕಡೆ ನೋಡಿದ. ಆಮೇಲೆ ಬೇರೆ ಕಡೆ ತಿರುಗಿದ.

ಒಳಗೆ ನನ್ನ ಬೆರಳಿಗೆ ಮಸಿ ಹಚ್ಚಿ ಚೀಟಿ ಕೊಟ್ಟರು. ರಟ್ಟಿನ ಮರೆಗೆ ಹೋಗಿ ನಿಂತೆ. ಹಸು ಕರುವನ್ನು ನೆಕ್ಕುತ್ತಾ ನಿಂತಿತ್ತು. ಕೆಳಗೆ ಚಕ್ರದೊಳಗೆ ನೇಗಿಲು ಹೊತ್ತ ಗಂಡಸು. ನೋಡಿದರೆ ಯತ್ತಪ್ಪನ ಹಾಗೇ ಇದ್ದ, ಬಡಕಲು, ತಲೆಗೊಂದು ಬಟ್ಟೆ. ಹಸುವಿನ ಕಡೆಯವರು ಅಂದರೆ ನನಗೆ ವ್ಯಾನು ಕಾಣುತ್ತದೆ. ನೇಗಿಲಿನವನ ಹಿಂದೆ ಗೌಡ ಕಾಣುತ್ತಾನೆ. ಚೀಟಿಯಲ್ಲಿ ನಮ್ಮವರು ಅನ್ನುವ ಚಿತ್ರ ಒಂದೂ ಇರಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ, “ಏನಮ್ಮ, ಮಲಗಿಬಿಟ್ಯಾ?” ಎಂದು ಆಫೀಸರು ಕೂಗಿದ.

ಮೂರೆಕರೆ ಹೊಲವನ್ನು ನೆನೆದುಕೊಂಡು ಹಸುವಿನ ಮೇಲೆ ಒತ್ತಿದೆ. ಖುಷಿಯಿಂದ ಒತ್ತಲಿಲ್ಲ, ಹಲ್ಲು ಕಚ್ಚಿ ಒತ್ತಿದೆ.

ಹೊರಗೆ ಬಂದವಳನ್ನು ಒಬ್ಬ ಆಳು ಮರದ ಕಡೆ ನೂಕಿದ.

“ಮುಟ್ಟು” ಅಂದ ಗೌಡ.

“ಕೊಟ್ಟಿದ್ರೆ ತಾನೇ ನಡೆಸೋದು ಗೌಡ್ರೆ? ನಾನ್ ಯಾವ ಮಾತೂ ಕೊಟ್ಟಿಲ್ಲ. ಅವತ್ತು ಹೊರಗಿದ್ದೆ.”

“ಈಗ ಮುಟ್ಟೇ ಮುಂಡೆ!”

“ಈಗ್ಲೂ ಹೊರಗಾಗಿದೀನಿ.”

ಮುದ್ದಪ್ಪಜ್ಜ ಹಾವು ಕಂಡವನ ಹಾಗೆ ತಟ್ಟೆ ಹಿಂದಕ್ಕೆ ಎಳೆದುಕೊಂಡ. ನಾನು ಸ್ನಾನ ಮಾಡಿ ಒಳಗೆ ಬಂದು ಇನ್ನೂ ಹತ್ತು ದಿನವಾಗಿರಲಿಲ್ಲ. ಅಲ್ಲಿದ್ದ ಹಟ್ಟಿಯ ಹೆಂಗಸರಿಗೆಲ್ಲ ಅದು ಗೊತ್ತಿತ್ತು. ಒಬ್ಬಳೂ ಬಾಯಿ ಬಿಡಲಿಲ್ಲ. ಕಾಟಮ್ಮಕ್ಕ ಸೆರಗು ಬಾಯಿಗೆ ತುರುಕಿಕೊಂಡಳು. ಮುಟ್ಟಾದವಳು ಇಷ್ಟು ಹತ್ತಿರ ನಿಂತಿದ್ದಾಳೆಂದು ಗೌಡನೇ ಕುರ್ಚಿ ಹಿಂದಕ್ಕೆ ಸರಿಸಿಕೊಂಡ.

“ಥೂ, ದೂರ ನಿಂತ್ಕ! ನಿನ್ನ ಆಮ್ಯಾಲ್ ನೋಡ್ಕಂತೀನಿ. ಎಲ್ಲಿ ನಿನ್ ಗಂಡ?”

ಯತ್ತಪ್ಪ ಆಗತಾನೆ ಸ್ಕೂಲಿನ ಮೆಟ್ಟಿಲು ಇಳಿಯುತ್ತಿದ್ದ. ಯಾರೂ ನೂಕಲಿಲ್ಲ, ತಾನಾಗಿಯೇ ಮರದ ಕೆಳಗೆ ಬಂದ. ತಟ್ಟೆಯ ಮುಂದೆ ನಿಂತ. ಅವನ ಹಿಂದೆ ಕೋಲೂರಿಕೊಂಡು ಜುಂಜಣ್ಣ ಬಂದು ನಿಂತ.

“ಹೂಂ, ಹೇಳು” ಅಂದ ಗೌಡ.

ಯತ್ತಪ್ಪ ಭಂಡಾರದಲ್ಲಿ ಬೆರಳಲ್ಲ, ಇಡೀ ಅಂಗೈ ಊರಿದ.

“ಜುಂಜಪ್ಪನಾಣೆಗೂ ಹೇಳ್ತೀನಿ. ನಾನ್ ಮಾತ್ ತಪ್ಪಿದೀನಿ. ಹಸೀಗ್ ಒತ್ತಿದೀನಿ.”

ಅಷ್ಟು ತಿಂಗಳ ಮೇಲೆ ಅವನು ತನ್ನ ಸ್ವಂತ ಮಾತನ್ನು ಗಟ್ಟಿಯಾಗಿ ಆಡಿದ್ದ. ಸುತ್ತ ಇದ್ದವರು ಹೆದರಿ ಎರಡು ಹೆಜ್ಜೆ ಹಿಂದೆ ಸರಿದರು. ಮುದ್ದಪ್ಪಜ್ಜ, “ಅಯ್ಯೋ ಶಿವನೇ, ನಿರ್ವಂಶ ಆಗ್ತೀಯಲ್ಲೋ ಮಗಾ!” ಎಂದು ಕೂಗಿದ.

“ಆಗೋದೇನೈತಜ್ಜ? ಆಗೋಗೈತೆ. ಗೌಡ್ರು ದೇವರಿಗೂ ಕಾಯ್ಲಿಲ್ಲ, ವ್ಯಾನ್ ತರ್ಸಿ ತಾವೇ ಮಾಡ್ಸೀರು.” ಗೌಡನ ಕಡೆ ತಿರುಗಿದ. “ಇನ್ನೇನೈತ್ರಿ ನನ್ ತಾವ ಆಣೆ ಇಡಾಕೆ? ಹೊಲ ಒಂದೈತೆ. ಅದನ್ನ ಬಿಡಲ್ಲ.”

ಗೌಡ ಎದ್ದು ಕಾಲಿನ ಮೆಟ್ಟು ತೆಗೆದು ಅವನ ಮುಖಕ್ಕೆ ಹೊಡೆದ. ಆಳುಗಳೂ ನುಗ್ಗಿದರು. ನಾನು ಅಡ್ಡ ಬಿದ್ದೆ. ಮುಟ್ಟಾದವಳು ಎಂದು ಒಬ್ಬ ಹಿಂದೆ ಸರಿದ, ಇನ್ನೊಬ್ಬ ಕೋಲಿನಿಂದ ನನ್ನ ಬೆನ್ನಿಗೆ ಹೊಡೆದ. ಯತ್ತಪ್ಪನ ತುಟಿ ಒಡೆದು ರಕ್ತ ಅಂಗಿಯ ಮೇಲೆ ಸುರಿಯಿತು. ಬಾಗಿಲಲ್ಲಿದ್ದ ಪೊಲೀಸು ಬರಲಿಲ್ಲ. ಗೌಡನಿಗೆ ಉಸಿರು ಕಟ್ಟಿ ಅವನೇ ನಿಲ್ಲಿಸಿದ.

“ನಾಳೆಯಿಂದ ಹೊಲಕ್ ಕಾಲಿಡು, ಕಾಲ್ ಕಡೀತೀನಿ. ಕಾನೂನಂತೆ, ಕಾನೂನು!” ಅಂದು ಕುರ್ಚಿಯಲ್ಲಿ ಕುಸಿದ. ಆಮೇಲೆ ಜುಂಜಣ್ಣನ ಕಡೆ ಬೆರಳು ತೋರಿಸಿದ. “ನೀನ್ ಬಾರಲೇ. ಮುಟ್ಟು.”

ಜುಂಜಣ್ಣ ನೇಗಿಲಿಗೇ ಒತ್ತಿದ್ದ. ಅದು ನನಗೆ ಗೊತ್ತು, ಕಾಟಮ್ಮಕ್ಕನಿಗೂ ಗೊತ್ತು. ಗಂಡ ಹೆಂಡತಿ ಇಬ್ಬರೂ ಕೂಡಿ ಹಾಗೆಂದು ತೀರ್ಮಾನ ಮಾಡಿಕೊಂಡಿದ್ದರು. ಭಂಡಾರ ಮುಟ್ಟಿ ನಿಜವನ್ನೇ ಹೇಳಿದ್ದರೂ ಸಾಕಿತ್ತು, ಅವನನ್ನು ಗಾಡಿಯಲ್ಲಿ ಕೂರಿಸಿ ಮನೆಗೆ ಕಳಿಸುತ್ತಿದ್ದರು.

ಅವನು ನೆಲದಲ್ಲಿ ಬಿದ್ದಿದ್ದ ಯತ್ತಪ್ಪನನ್ನು ನೋಡಿದ. ಕೋಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.

“ಯಾರಿಗ್ ಒತ್ತಿದ್ಯೋ?” ಅಂದ ಗೌಡ.

“ಹೇಳಲ್ಲ.”